ಜೀಪಿನ ಮೂತಿಗೆ ವಿಂಚು ಬಂತು, ಅದರ ತಂತಿಗೆ ಕಾವಲು ಯಾರು?

ಹೋದ ಮಳೆಗಾಲದ ಮಾತು. ಸಕಲೇಶಪುರದ ಆಚೆ, ಬಸ್ಸಿನ ಮುಖ ಕಾಣದ ಒಂದು ಹಳ್ಳಿ. ಹೆಸರು ಬೇಡ. ಅಲ್ಲಿ ನಮ್ಮ ಪರಿಚಯದ ಸಣ್ಣ ಬೆಳೆಗಾರರೊಬ್ಬರ ಹಳೇ ಜೀಪು ರಾತ್ರಿ ಒಂಬತ್ತರ ಹೊತ್ತಿಗೆ ಶೆಡ್ಡಿನಲ್ಲಿ ನಿಂತಲ್ಲೇ ಹೊತ್ತಿಕೊಂಡಿತು. ಇಂಜಿನ್ ಆರಿಸಿ ಎರಡು ಗಂಟೆಯಾಗಿತ್ತು. ಚಾವಿ ಮನೆಯೊಳಗೆ ಗೂಟದಲ್ಲಿ ನೇತಾಡುತ್ತಿತ್ತು.

"ನಿಂತ ಗಾಡಿಗೆ ತಾನಾಗಿ ಬೆಂಕಿ ಹತ್ತುತ್ತಾ ಮಾರಾಯ್ರೆ? ಯಾರೋ ಹಚ್ಚಿದ್ದೇ ಸೈ" ಅಂತ ಊರು ತೀರ್ಮಾನ ಮಾಡಿಬಿಟ್ಟಿತು. ಪಕ್ಕದ ತೋಟದವರ ಜೊತೆ ಬೇಲಿ ತಕರಾರು ಇತ್ತು. ಗುಮಾನಿ ನೇರವಾಗಿ ಅಲ್ಲಿಗೇ ಹೋಯಿತು. ಬೆಳಗಾಗುವುದರೊಳಗೆ ಪೊಲೀಸ್ ಠಾಣೆಗೆ ಕೊಡಲು ಅರ್ಜಿಯೂ ತಯಾರಾಗಿತ್ತು. ಅರ್ಜಿ ಠಾಣೆ ಸೇರುವ ಮೊದಲು ಪೇಟೆಯಿಂದ ಬಂದ ಎಲೆಕ್ಟ್ರಿಷಿಯನ್ ಒಬ್ಬರು ಬಗ್ಗಿ ನೋಡಿದರು. ಮುಂದಿನ ಬಂಪರಿನ ಹಿಂದೆ ಒಂದು ದಪ್ಪ ಕೇಬಲ್ಲು. ಅದು ಕಬ್ಬಿಣದ ಪಟ್ಟಿಯ ಚೂಪು ಅಂಚಿಗೆ ಒತ್ತಿಕೊಂಡಿತ್ತು. ಸಂಜೆ ರಸ್ತೆಗೆ ಬಿದ್ದ ಮರ ಎಳೆದಾಗ ಕೇಬಲ್ಲು ಬಿಸಿಯಾಗಿ, ಮೊದಲೇ ಸವೆದಿದ್ದ ಹೊದಿಕೆ ಮೆತ್ತಗಾಗಿದೆ. ಅಂಚು ನಿಧಾನವಾಗಿ ಒಳಗಿಳಿದು ತಾಮ್ರ ಮುಟ್ಟಿದೆ. ಅಲ್ಲಿಗೆ ಬೆಂಕಿ ಹಚ್ಚಿದವರು ಯಾರೆಂದು ಗೊತ್ತಾಯಿತು. ವಿಂಚಿನ ತಂತಿ!

ಇದನ್ನು ಓದಿ, "ಜೀಪಿಗೆ ವಿಂಚು ಹಾಕಿಸಿದ್ದೇ ಶೋಕಿ, ಅನುಭವಿಸಲಿ" ಅನ್ನುವವರು ಇದ್ದಾರೆ. ಅವರು ಆಷಾಢದಲ್ಲಿ ಒಮ್ಮೆ ಮಲೆನಾಡಿನ ಒಳರಸ್ತೆಗೆ ಬರಬೇಕು. ಗಾಳಿಗೆ ಸಿಲ್ವರ್ ಮರ ಅಡ್ಡ ಬಿದ್ದರೆ ಇಲಾಖೆಯ ಜನ ಬರುವವರೆಗೆ ಕಾಯಲು ಹೆರಿಗೆ ನೋವಿಗೆ ಪುರುಸೊತ್ತಿರುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿ ಊರಿಗೆ ಊರೇ ದಿಕ್ಕೆಟ್ಟಾಗ, ಕೆಸರಿನೊಳಗೆ ನುಗ್ಗಿದ ವಾಹನಗಳಲ್ಲಿ ಸ್ಥಳೀಯರ ಜೀಪುಗಳೂ ಇದ್ದವು. ನಾನು ಹೇಳಿದ ಆ ಸುಟ್ಟ ಜೀಪು ಕೂಡ ಅಷ್ಟೇ. ಶಾಲೆ ಮಕ್ಕಳಿಗೆ ಅದೇ ಬಸ್ಸು, ರೋಗಿಗಳಿಗೆ ಅದೇ ಆಂಬುಲೆನ್ಸು, ಹೆಣಕ್ಕೂ ಅದೇ ಗಾಡಿ. ಅದು ಮೂರು ತಿಂಗಳು ಗ್ಯಾರೇಜಿನಲ್ಲಿ ಕೂತಾಗ ಊರೇ ಕೂತಿತು. ಆದ್ದರಿಂದ ವಿಂಚು ಬೇಕೇ ಬೇಡವೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಅದರ ತಂತಿ ಎಳೆಯುವಾಗ ನಾವು ತೋರಿಸುವ ಉಡಾಫೆಯೇ ಪ್ರಶ್ನೆ.

ಹನ್ನೆರಡು ವೋಲ್ಟು ಏನ್ಮಾಡುತ್ತೆ?

"ಹನ್ನೆರಡು ವೋಲ್ಟು ತಾನೇ ಸಾರ್, ಮುಟ್ಟಿದ್ರೂ ಶಾಕ್ ಹೊಡೆಯಲ್ಲ" ಅಂತ ನಮ್ಮ ಗ್ಯಾರೇಜು ಹುಡುಗರು ನಗುತ್ತಾರೆ. ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಸುಡುವ ಕೆಲಸ ಮಾಡುವುದು ವೋಲ್ಟಲ್ಲ, ಆಂಪಿಯರು.

ಲೆಕ್ಕ ನೋಡಿ. ಜೀಪಿನ ಒಂದು ಹೆಡ್‌ಲೈಟು ಎಳೆಯುವುದು ಸುಮಾರು 5 ಆಂಪಿಯರ್. ಅದಕ್ಕೆ 10 ಅಥವಾ 15 ಆಂಪಿಯರಿನ ಫ್ಯೂಸು ಇರುತ್ತದೆ. ವೆಲ್ಡಿಂಗ್ ಅಂಗಡಿಯವನು ಸಾಧಾರಣ ಕಡ್ಡಿಯಲ್ಲಿ ಕಬ್ಬಿಣ ಕರಗಿಸಿ ಕೂಡಿಸುವುದು 100 ಆಂಪಿಯರಿನ ಆಸುಪಾಸಿನಲ್ಲಿ. ನಾಲ್ಕು ಟನ್ನು ಎಳೆಯುವ ವಿಂಚು ಬರೀ ಹಗ್ಗ ಸುತ್ತುವಾಗಲೇ 60-80 ಆಂಪಿಯರ್ ಕುಡಿಯುತ್ತದೆ. ಪೂರ್ತಿ ಭಾರ ಬಿದ್ದರೆ 400ರಿಂದ 500! ಇನ್ನು ತಂತಿ ನೇರವಾಗಿ ಬಾಡಿಗೆ ತಗುಲಿ ಶಾರ್ಟ್ ಆದರೆ, ಒಳ್ಳೆಯ ಬ್ಯಾಟರಿ ಸಾವಿರ ಆಂಪಿಯರಿಗೂ ಮೀರಿ ಸುರಿಯಬಲ್ಲದು. ಅಂದರೆ ಹತ್ತು ವೆಲ್ಡಿಂಗ್ ಮೆಷಿನ್ನುಗಳನ್ನು ಒಟ್ಟಿಗೆ ಬಾನೆಟ್ಟಿನೊಳಗೆ ಬಿಟ್ಟ ಹಾಗೆ. ಪಕ್ಕದಲ್ಲೇ ಪೆಟ್ರೋಲೋ ಡೀಸೆಲ್ಲೋ ಪೈಪು, ಆಯಿಲು ಮೆತ್ತಿದ ಇಂಜಿನ್ನು.

ತಂತಿಯ ದಪ್ಪದಲ್ಲೂ ಹೀಗೇ ಜುಗ್ಗತನ. ಬ್ಯಾಟರಿಯಿಂದ ವಿಂಚಿಗೆ ಎರಡು ಮೀಟರು ಹೋಗಿ ಎರಡು ಮೀಟರು ವಾಪಸು ಬರುವ ತಾಮ್ರದ ತಂತಿ 16 ಚದರ ಮಿಲಿಮೀಟರಿನದಾಗಿದ್ದರೆ, 400 ಆಂಪಿಯರ್ ಹರಿಯುವಾಗ ಆ ತಂತಿಯೊಂದರಲ್ಲೇ ಸುಮಾರು 700 ವ್ಯಾಟು ಶಾಖ ಹುಟ್ಟುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆಯಷ್ಟು! 35 ಚದರ ಮಿಲಿಮೀಟರಿನದು ಹಾಕಿದರೆ ಅದು 320 ವ್ಯಾಟಿಗೆ ಇಳಿಯುತ್ತದೆ, ವಿಂಚಿನ ಕೈಗೂ ಬಲ ಬರುತ್ತದೆ. ಆದರೆ ಮೊದಲ ತಂತಿ ಅಗ್ಗ. ಅದಕ್ಕಿಂತ ಅಗ್ಗ ಬೇಕೆಂದರೆ ತಾಮ್ರದ ಬಣ್ಣ ಬಳಿದುಕೊಂಡ ಅಲ್ಯೂಮಿನಿಯಂ ತಂತಿಯೂ ಪೇಟೆಯಲ್ಲಿ ಸಿಗುತ್ತದೆ. ಲಕ್ಷಗಟ್ಟಲೆ ಜೀಪಿಗೆ ಹಾಕಿ, ತಂತಿಯಲ್ಲಿ ಸಾವಿರ ಉಳಿಸಿದೆ ಎಂದು ಮೀಸೆ ತಿರುವುವವರಿಗೆ ಏನು ಹೇಳೋಣ?

ಫ್ಯೂಸು ಬೇಕು, ಬೇಡ: ಎರಡು ಪಂಗಡ

ಈಗ ಮುಖ್ಯ ವಿಚಾರಕ್ಕೆ ಬರೋಣ. ಜೀಪಿನವರು ನಾಲ್ಕು ಜನ ಸೇರಿದ ಕಡೆ ಈ ಜಗಳ ಇದ್ದದ್ದೇ. ವಿಂಚಿನ ತಂತಿಗೆ ಫ್ಯೂಸು ಹಾಕಬೇಕೋ ಬೇಡವೋ?

ಬೇಡ ಅನ್ನುವ ಪಂಗಡದ ವಾದ ಹೀಗೆ: "ಸ್ಟಾರ್ಟರ್ ಮೋಟಾರಿಗೆ ಫ್ಯೂಸ್ ಉಂಟಾ? ಇಲ್ಲ. ಮತ್ತೆ ವಿಂಚಿಗ್ಯಾಕೆ? ಅರ್ಧ ದಿಬ್ಬ ಹತ್ತಿದಾಗ ಫ್ಯೂಸ್ ಹಾರಿದ್ರೆ ನೀವು ಬಂದು ತಳ್ತೀರಾ? ವಿಂಚಿನ ಕಂಪನಿಯವರೇ ಎಷ್ಟೋ ಜನ ಡಬ್ಬದೊಳಗೆ ಫ್ಯೂಸ್ ಇಟ್ಟಿರೋದಿಲ್ಲ."

ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಸ್ಟಾರ್ಟರಿನ ದಪ್ಪ ತಂತಿಗೆ ಫ್ಯೂಸು ಇರುವುದಿಲ್ಲ, ಸರಿ. ಆದರೆ ಸ್ಟಾರ್ಟರು ಓಡುವುದು ನಾಲ್ಕು ಸೆಕೆಂಡು, ವಿಂಚು ಓಡುವುದು ನಿಮಿಷಗಟ್ಟಲೆ. ಸ್ಟಾರ್ಟರಿನ ತಂತಿ ಗಿಡ್ಡ, ಇಂಜಿನ್ನಿನ ಮಗ್ಗುಲಲ್ಲೇ ಮುಗಿಯುತ್ತದೆ. ವಿಂಚಿನ ತಂತಿ ರೇಡಿಯೇಟರ್ ದಾಟಿ, ಫ್ಯಾನಿನ ಪಕ್ಕ ಹಾದು, ಬಂಪರಿಗೆ ಬರುತ್ತದೆ. ಗಾಡಿ ಎಲ್ಲಿಗಾದರೂ ಗುದ್ದಿದರೆ ಮೊದಲು ನಜ್ಜುಗುಜ್ಜಾಗುವ ಜಾಗ ಯಾವುದು? ಅದೇ ಬಂಪರು. ಮೂಗಿನ ತುದಿಯಲ್ಲಿ ಕೆಂಡ ಇಟ್ಟುಕೊಂಡು ಓಡಾಡುವವನು ಎದೆಯಲ್ಲಿ ಹೃದಯ ಇಟ್ಟುಕೊಂಡವನ ಉದಾಹರಣೆ ಕೊಟ್ಟರೆ ಆಗುತ್ತದೆಯೇ?

ಇನ್ನೂ ಒಂದು ಗುಟ್ಟು ಹಲವರಿಗೆ ಗೊತ್ತಿಲ್ಲ. ವಿಂಚಿನ ಸ್ವಿಚ್ಚು ಒತ್ತದಿದ್ದರೆ ತಂತಿಯಲ್ಲಿ ಕರೆಂಟಿಲ್ಲ ಎಂದು ತಿಳಿದಿದ್ದಾರೆ. ಸತ್ತಿರುವುದು ಸಾಲಿನಾಯ್ಡು ಪೆಟ್ಟಿಗೆಯಿಂದ ಮೋಟಾರಿಗೆ ಹೋಗುವ ತುಂಡು ಮಾತ್ರ. ಬ್ಯಾಟರಿಯಿಂದ ಆ ಪೆಟ್ಟಿಗೆಯವರೆಗಿನ ತಂತಿ ಹಗಲೂ ರಾತ್ರಿ ಜೀವಂತ. ಚಾವಿ ತೆಗೆದರೂ ಜೀವಂತ. ನಮ್ಮ ಬೆಳೆಗಾರರ ಜೀಪು ಸುಟ್ಟದ್ದು ಇದರಿಂದಲೇ.

ಹಾಗಾದರೆ ಫ್ಯೂಸು ಹಾರಿ ದಿಬ್ಬದಲ್ಲಿ ಕೈಕೊಟ್ಟರೆ? ಸರಿಯಾದ ವಿಂಚಿಗೆ ಒಳಗೇ ಬ್ರೇಕು ಇರುತ್ತದೆ. ಕರೆಂಟು ಹೋದರೆ ಹಗ್ಗದ ಉರುಳೆ ನಿಂತಲ್ಲೇ ಹಿಡಿಯುತ್ತದೆ, ಜೀಪು ಹಿಂದಕ್ಕೆ ಉರುಳುವುದಿಲ್ಲ. ಆದರೂ ಚಕ್ರಕ್ಕೆ ಕಲ್ಲು ಕೊಡುವುದು ಜಾಣತನ. ಹೊಸ ಫ್ಯೂಸು ಹಾಕಲು ಹತ್ತು ನಿಮಿಷ ಸಾಕು. ಹೊಸ ಜೀಪು ಹತ್ತು ನಿಮಿಷದಲ್ಲಿ ಬರುತ್ತದೆಯೇ?

ಇಷ್ಟು ಹೇಳಿದ ಮೇಲೆ ಫ್ಯೂಸಿನ ಪಂಗಡಕ್ಕೂ ಒಂದು ಮಾತು. ಫ್ಯೂಸು ಹಾಕಿದೆ, ಇನ್ನು ನಿಶ್ಚಿಂತೆ ಎಂದು ಮಲಗಬೇಡಿ. 400 ಆಂಪಿಯರಿನ ಫ್ಯೂಸು ನೇರ ಶಾರ್ಟಿಗೆ ಕಣ್ಣು ಮಿಟುಕಿಸುವುದರೊಳಗೆ ಹಾರುತ್ತದೆ. ಆದರೆ ತಂತಿ ಅರೆಬರೆ ತಗುಲಿ 200 ಆಂಪಿಯರ್ ಸೋರುತ್ತಿದ್ದರೆ ಅದು ಕಣ್ಣೂ ಬಿಡುವುದಿಲ್ಲ. 200 ಆಂಪಿಯರ್ ಸಾಲದೇ ಬೆಂಕಿಗೆ? ಅಲ್ಲದೆ ಸಾಲಿನಾಯ್ಡಿನ ಒಳಗಿನ ತಾಮ್ರ ಅಂಟಿಕೊಂಡು ವಿಂಚು ನಿಲ್ಲದೆ ಎಳೆಯತೊಡಗಿದರೂ ಫ್ಯೂಸು ತಡೆಯುತ್ತದೆ ಎಂಬ ಭರವಸೆ ಇಲ್ಲ. ಹಗ್ಗಕ್ಕೆ ಕೈ ಸಿಕ್ಕಿದವನ ಗತಿ ಏನು?

ಆದ್ದರಿಂದ ನಮ್ಮ ತೀರ್ಪು ಇದು. ಮೊದಲು ಬೇಕಾದ್ದು ಕಡಿತದ ಸ್ವಿಚ್ಚು. ಆಮೇಲೆ ಫ್ಯೂಸು. ಒಂದರ ಬದಲಿಗೆ ಇನ್ನೊಂದಲ್ಲ. ಎರಡೂ ಬೇಕು.

ಮೇಸ್ತ್ರಿಗೆ ಹೇಳಬೇಕಾದ ಮಾತು

ಒಂದು: ಬ್ಯಾಟರಿಯ ಪ್ಲಸ್ಸಿನ ಹತ್ತಿರವೇ ದೊಡ್ಡ ಕಡಿತದ ಸ್ವಿಚ್ಚು ಇರಲಿ. ವಿಂಚು ಬೇಕಾದಾಗ ಮಾತ್ರ ಆನ್, ಕೆಲಸ ಮುಗಿದೊಡನೆ ಆಫ್. ವಿಂಚು ನಡೆಸುವಾಗ ಒಬ್ಬರ ಕೈಗೆ ಅದು ಎಟುಕುವಂತಿರಬೇಕು. ಪೇಟೆಯಲ್ಲಿ ಸಿಗುವ ಅಗ್ಗದ ಕೆಂಪು ಚಾವಿಯ ಸ್ವಿಚ್ಚುಗಳಲ್ಲಿ ಹಲವು ಒಂದೇ ಸಮನೆ ತಾಳುವುದು 100 ಆಂಪಿಯರ್ ಮಾತ್ರ. ಅವು ವಿಂಚಿನ ಕೆಲಸಕ್ಕೆ ಬಾರವು.

ಎರಡು: ಫ್ಯೂಸು ಕೂಡ ಬ್ಯಾಟರಿಗೆ ಅಂಟಿದಂತೆ, ಒಂದು ಗೇಣಿನೊಳಗೆ ಇರಬೇಕು. ಫ್ಯೂಸು ಕಾಯುವುದು ತನ್ನ ಮುಂದಿನ ತಂತಿಯನ್ನು. ತನಗೂ ಬ್ಯಾಟರಿಗೂ ನಡುವೆ ಇರುವ ತಂತಿಗೆ ಅದು ಕಾವಲಲ್ಲ. ವಿಂಚಿನ ಹತ್ತಿರ ತಂದು ಫ್ಯೂಸು ಹಾಕುವುದೂ ಒಂದೇ, ಹಾಕದಿರುವುದೂ ಒಂದೇ.

ಮೂರು: ವಿಂಚಿನ ಜೊತೆ ಬರುವ ಪುಸ್ತಕದಲ್ಲಿ ಪೂರ್ಣ ಭಾರಕ್ಕೆ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಆ ಅಳತೆಯ ಆಸುಪಾಸಿನ, ದಪ್ಪ ಪಟ್ಟಿಯ, ಬೋಲ್ಟು ಬಿಗಿಯುವ ಫ್ಯೂಸೇ ಆಗಬೇಕು. ಮನೆಯ ಮೀಟರ್ ಬೋರ್ಡಿನ ಎಂಸಿಬಿ ಅಲ್ಲ. ಒಂದು ಹಾರಿದರೆ ಹಾಕಲು ಇನ್ನೊಂದು ಡ್ಯಾಶ್‌ಬೋರ್ಡಿನಲ್ಲಿರಲಿ. ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಫ್ಯೂಸು ಹೋದರೆ ದಪ್ಪ ತಂತಿ ಸುತ್ತುವ ನಮ್ಮ ಹಳೇ ಚಾಳಿಯನ್ನು ದಯವಿಟ್ಟು ಇಲ್ಲಿಗೆ ತರಬೇಡಿ.

ನಾಲ್ಕು: ತಂತಿ ನಿಜವಾದ ತಾಮ್ರದ್ದು, 35 ಚದರ ಮಿಲಿಮೀಟರಿಗೆ ಕಡಿಮೆ ಇಲ್ಲದ್ದು. ದೂರ ಹೆಚ್ಚಿದ್ದರೆ 50. ಮೈನಸ್ ತಂತಿಯೂ ಅಷ್ಟೇ ದಪ್ಪ, ನೇರವಾಗಿ ಬ್ಯಾಟರಿಯ ಮೈನಸ್ಸಿಗೇ ಹೋಗಲಿ. ತುಕ್ಕು ಹಿಡಿದ ಛಾಸಿಗೆ ಬೋಲ್ಟು ಹೊಡೆದು "ಅರ್ಥ್ ಆಯ್ತು ಬಿಡಿ" ಅನ್ನಬಾರದು.

ಐದು: ಲಗ್ಗುಗಳನ್ನು ಯಂತ್ರದಲ್ಲಿ ಒತ್ತಿಸಿ. ಸುತ್ತಿಗೆಯಲ್ಲಿ ಚಪ್ಪಟೆ ಮಾಡುವುದು ಕೆಲಸವಲ್ಲ. ತಂತಿ ತಗಡು ದಾಟುವ ಕಡೆಯೆಲ್ಲ ರಬ್ಬರ್ ಬಳೆ, ಉಳಿದ ಉದ್ದಕ್ಕೂ ಮೇಲೊಂದು ಕೊಳವೆ. ಸೈಲೆನ್ಸರಿನಿಂದಲೂ ಫ್ಯಾನಿನಿಂದಲೂ ದೂರ. ಟರ್ಮಿನಲ್ಲಿಗೆ ರಬ್ಬರ್ ಟೋಪಿ. ಕೆಲಸ ಶುರುಮಾಡುವಾಗ ಮೊದಲು ಮೈನಸ್ ಬಿಚ್ಚಬೇಕು, ಮುಗಿದ ಮೇಲೆ ಕೊನೆಗೆ ಮೈನಸ್ ಸೇರಿಸಬೇಕು.

ಇದೆಲ್ಲ ರಾಕೆಟ್ ಉಡಾಯಿಸುವ ವಿದ್ಯೆಯೇನಲ್ಲ. ಯಾವ ಐಟಿಐ ಹುಡುಗನೂ ಒಂದು ಮಧ್ಯಾಹ್ನದಲ್ಲಿ ಕಲಿತು ಮಾಡಬಹುದಾದ್ದು.

ಸರ್ಕಾರ ನೋಡುವುದು ಯಾವುದನ್ನು?

2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಗಾಡಿಗಳ ಮುಂದೆ ಅನುಮತಿಯಿಲ್ಲದೆ ಹಾಕಿಸುವ ಕಬ್ಬಿಣದ ಕ್ರ್ಯಾಶ್ ಗಾರ್ಡುಗಳ ಮೇಲೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಡಿ ಕ್ರಮ ಕೈಗೊಳ್ಳಲು ಹೇಳಿತ್ತು. ಪಾದಚಾರಿಗಳ ಪ್ರಾಣದ ದೃಷ್ಟಿಯಿಂದ ಅದು ಸರಿಯೇ. ಆದರೆ ರಸ್ತೆಯಲ್ಲಿ ಅಡ್ಡಹಾಕಿದ ಅಧಿಕಾರಿ ನೋಡುವುದು ಬಂಪರಿನ ಹೊರಮೈಯನ್ನು. ಬಾನೆಟ್ ಎತ್ತಿ, ಈ ದಪ್ಪ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತೆ, ನಡುವೆ ಸ್ವಿಚ್ಚಿದೆಯೇ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಸ್ವಂತ ಜೀಪಿನವರು ತಮ್ಮ ಹಣೆಬರಹ ತಾವೇ ಬರೆದುಕೊಳ್ಳಲಿ ಎಂದು ಬಿಡಬಹುದು. ಆದರೆ ಮಾಂದಲಪಟ್ಟಿಯಂಥ ಕಡೆ ಪ್ರವಾಸಿಗಳನ್ನು ತುಂಬಿಕೊಂಡು ಗುಡ್ಡ ಹತ್ತುವ ಬಾಡಿಗೆ ಜೀಪುಗಳಿವೆ. ಹಿಂದಿನ ಸೀಟಿನಲ್ಲಿ ಎದುರುಬದುರು ಕೂತ ಜನ, ಇಳಿಯಲು ಒಂದೇ ಬಾಗಿಲು. ಅಂಥ ಗಾಡಿಯಲ್ಲಿ ವಿಂಚಿದ್ದರೆ ಅದರ ತಂತಿ ಮಾಲೀಕನೊಬ್ಬನ ಖಾಸಗಿ ವಿಷಯವಲ್ಲ.

ಜಿಲ್ಲೆಯ ಸಾರಿಗೆ ಅಧಿಕಾರಿಗಳಿಗೆ, ಜೀಪು ಮಾಲೀಕರ ಸಂಘಗಳಿಗೆ ನಮ್ಮ ವಿನಂತಿ ದೊಡ್ಡದೇನಲ್ಲ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ತಾಲ್ಲೂಕಿಗೊಂದು ದಿನ, ಐಟಿಐ ಅಂಗಳದಲ್ಲಿ ವಿಂಚಿನ ಜೀಪುಗಳನ್ನು ಸೇರಿಸಿ ತಂತಿ ತಪಾಸಣೆ ಮಾಡಿಸಿ. ದಂಡದ ಪುಸ್ತಕ ಮನೆಯಲ್ಲಿಟ್ಟು ಬನ್ನಿ, ಇಲ್ಲದಿದ್ದರೆ ಯಾರೂ ಬರುವುದಿಲ್ಲ. ಸರಿಯಿಲ್ಲದ್ದನ್ನು ತೋರಿಸಿ, ಹುಡುಗರ ಕೈಲೇ ಸರಿ ಮಾಡಿಸಿ. ಹುಡುಗರಿಗೂ ಕಲಿತಂತಾಯಿತು, ಮಾಲೀಕರಿಗೂ ಬುದ್ಧಿ ಬಂದಂತಾಯಿತು.

ಕೊನೆಗೆ ಆ ರಾತ್ರಿಯ ಒಂದು ವಿಷಯ ಹೇಳಬೇಕು. ಹೊಗೆ ಕಂಡು ಮೊದಲು ಓಡಿಬಂದು, ಬೆಂಕಿಗೆ ಬುಟ್ಟಿಗಟ್ಟಲೆ ಮಣ್ಣು ಸುರಿದು ಶೆಡ್ಡು ಉಳಿಸಿದವರು ಬೇರೆ ಯಾರೂ ಅಲ್ಲ, ಬೇಲಿ ತಕರಾರಿನ ಅದೇ ಪಕ್ಕದ ತೋಟದವರು. "ಇಷ್ಟು ಬೇಗ ಹ್ಯಾಗೆ ಬಂದ್ರು?" ಎಂಬುದೇ ಅವರ ಮೇಲಿನ ಗುಮಾನಿಗೆ ಕಾರಣವಾಗಿತ್ತು! ಅವರು ಮಣ್ಣು ಸುರಿಯುತ್ತಿದ್ದಾಗ ಮನೆಯವರು ಬ್ಯಾಟರಿ ಬಿಚ್ಚಲು ಸ್ಪ್ಯಾನರ್ ಹುಡುಕುತ್ತಿದ್ದರು. ಕಡಿತದ ಸ್ವಿಚ್ಚೊಂದು ಇದ್ದಿದ್ದರೆ ಜೀಪೂ ಸುಡುತ್ತಿರಲಿಲ್ಲ, ಒಳ್ಳೆಯ ಮನುಷ್ಯನ ಮೇಲೆ ಅರ್ಜಿ ಬರೆಯುವ ಪಾಪವೂ ಬರುತ್ತಿರಲಿಲ್ಲ.

ಆ ಜೀಪು ಈಗ ಮತ್ತೆ ಓಡುತ್ತಿದೆ. ಬ್ಯಾಟರಿಯ ಪಕ್ಕ ಸ್ವಿಚ್ಚೂ ಇದೆ, ಫ್ಯೂಸೂ ಇದೆ. ಬೇಲಿ ತಕರಾರು ಮಾತ್ರ ಹಾಗೇ ಇದೆಯಂತೆ. ಅದಕ್ಕೆ ಯಾವ ಫ್ಯೂಸು ಹಾಕಬೇಕೋ ನಮಗೆ ಗೊತ್ತಿಲ್ಲ.