ಶಾಲೆಯ ಗುರುತುಸಂಖ್ಯೆಯೂ ವಿದ್ಯಾರ್ಥಿವೇತನವೂ

ದಾನಗಳಲ್ಲಿ ವಿದ್ಯಾದಾನವು ಮಿಗಿಲಾದುದೆಂಬ ಮಾತು ಈ ನಾಡಿಗೆ ಹೊಸದಲ್ಲ. ಹಸಿದವನಿಗೆ ಅನ್ನ, ಕಲಿಯಬಂದವನಿಗೆ ಅಕ್ಷರ, ನೆಲೆಯಿಲ್ಲದವನಿಗೆ ಆಸರೆ ಎಂಬ ದಾಸೋಹದ ನೆರಳಿನಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗಂತೂ ಅದನ್ನು ಮತ್ತೆ ಹೇಳಬೇಕಾಗಿಲ್ಲ. ಆದರೆ ಕೊಡುವ ಕೈ ಎಷ್ಟೇ ಉದಾರವಾಗಿದ್ದರೂ, ಕೊಟ್ಟದ್ದು ಸಲ್ಲಬೇಕಾದವರಿಗೆ ಸಲ್ಲದೆ ನಡುದಾರಿಯಲ್ಲಿ ನಿಂತರೆ ಆ ಔದಾರ್ಯವು ಸಾರ್ಥಕವಾಗಲಾರದು. ಇಂದು ಬಡ ವಿದ್ಯಾರ್ಥಿಯ ವೇತನವು ತಡೆದು ನಿಲ್ಲುವುದು ಹಣದ ಕೊರತೆಯೊಂದರಿಂದಲೇ ಅಲ್ಲ. ಆತನು ಓದುವ ಶಾಲೆ ಯಾವುದೆಂಬುದನ್ನು ಒಂದು ಇಲಾಖೆಯ ಕಡತವು ಒಂದು ಬಗೆಯಾಗಿಯೂ ಇನ್ನೊಂದರ ಕಡತವು ಇನ್ನೊಂದು ಬಗೆಯಾಗಿಯೂ ಬರೆದುಕೊಂಡಿರುವುದರಿಂದಲೂ ನಿಲ್ಲುತ್ತದೆ. ಶಾಲೆಯ ಗುರುತುಸಂಖ್ಯೆಯೆಂಬುದು ಗುಮಾಸ್ತರ ಮೇಜಿಗೆ ಸೇರಿದ ಅಲ್ಪವಿಷಯವೆಂದು ತೋರಬಹುದು. ವಿಚಾರಿಸಿ ನೋಡಿದರೆ, ಮೊದಲ ಬಾರಿಗೆ ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಮಗುವಿನ ಭವಿಷ್ಯವೇ ಅದಕ್ಕೆ ಅಂಟಿಕೊಂಡಿರುವುದು ಕಾಣುತ್ತದೆ.

ಸಕಾಲದ ಸಹಾಯವು ಏನನ್ನು ಸಾಧಿಸಬಲ್ಲದೆಂಬುದಕ್ಕೆ ಈ ಪ್ರದೇಶವೇ ಸಾಕ್ಷಿ. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿ, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನ ಬಿ.ಎ. ಪದವಿ ಪಡೆದರು. ಮುಂದೆ ಪುಣೆಯಲ್ಲಿ ಎಂಜಿನಿಯರಿಂಗ್ ವಿದ್ಯೆ ಸಾಧ್ಯವಾದುದು ಮೈಸೂರು ಸರ್ಕಾರದ ನೆರವಿನಿಂದ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರೌಢಶಾಲೆಗೆ ಸೇರಲೆಂದು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಹೋದರು. ಬಡ ವಿದ್ಯಾರ್ಥಿಗಳ ವಸತಿಗೃಹದ ಆಸರೆಯಲ್ಲಿ ಬೆಳೆದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಗೌರಿಬಿದನೂರು ಬಾಗೇಪಲ್ಲಿಗಳಲ್ಲಿ ಕಾಲೇಜುಗಳು ತಲೆಯೆತ್ತಲು ಕಾರಣರಾದರು. ಅವರ ಕಾಲದಲ್ಲಿ ವಿದ್ಯಾರ್ಥಿಯ ಗುರುತೆಂದರೆ ಮುಖಪರಿಚಯ. ಹುಡುಗನು ಜಾಣನೆಂದೂ ಮನೆಯಲ್ಲಿ ಅನುಕೂಲವಿಲ್ಲವೆಂದೂ ಉಪಾಧ್ಯಾಯರೊಬ್ಬರು ಬರೆದುಕೊಟ್ಟ ನಾಲ್ಕು ಸಾಲಿನ ಪತ್ರವೇ ಸಾಕಾಗುತ್ತಿತ್ತು.

ಇಂದು ಆ ಮುಖಪರಿಚಯದ ಸ್ಥಾನವನ್ನು ಸಂಖ್ಯೆಗಳು ಪಡೆದಿವೆ. ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು 1944ರಲ್ಲಿಯೇ ಆರಂಭವಾಯಿತು. ಆಮೇಲೆ ಸಮಾಜಕಲ್ಯಾಣ, ಹಿಂದುಳಿದ ವರ್ಗ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತ ಮೊದಲಾದ ಇಲಾಖೆಗಳ ಯೋಜನೆಗಳು ಒಂದೊಂದಾಗಿ ಸೇರಿದವು. ಲಕ್ಷಾಂತರ ಅರ್ಜಿಗಳನ್ನು ಮುಖ ನೋಡಿ ತೀರ್ಮಾನಿಸುವುದು ಅಸಾಧ್ಯವಾದುದರಿಂದ 2015ರಲ್ಲಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಬಂದಿತು. ಕೆಲವೇ ವರ್ಷಗಳಲ್ಲಿ ಕರ್ನಾಟಕವೂ ತನ್ನ ಇಲಾಖೆಗಳ ಯೋಜನೆಗಳನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನೊಳಗೆ ತಂದಿತು. ಹಣವು ಮಧ್ಯವರ್ತಿಗಳಿಲ್ಲದೆ ನೇರವಾಗಿ ಮಗುವಿನ ಬ್ಯಾಂಕ್ ಖಾತೆಗೆ ಹೋಗುವ ಈ ಏರ್ಪಾಡು ಶ್ಲಾಘನೀಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರಕ್ಕೆ ಮುಖಪರಿಚಯವಿಲ್ಲ. ಸಂಖ್ಯೆಯೊಡನೆ ಸಂಖ್ಯೆ ಕೂಡಿದರೆ ಮಾತ್ರ ಅದು ಬಾಗಿಲು ತೆರೆಯುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯಲ್ಲಿ ಪೂಜಾರಿಯನ್ನಾದರೂ ಬೇಡಿಕೊಳ್ಳಲು ಅವಕಾಶವಿತ್ತು. ಯಂತ್ರದೆದುರು ಅದೂ ಇಲ್ಲ.

ಹೆಸರನ್ನೇ ಗುರುತಾಗಿ ಇಟ್ಟುಕೊಳ್ಳಬಾರದೇಕೆಂದು ಯಾರಾದರೂ ಕೇಳಬಹುದು. ಊರ ಹೆಸರುಗಳನ್ನೇ ನೋಡೋಣ. ಶಿಡ್ಲಘಟ್ಟವನ್ನು ಸಿಡ್ಲಘಟ್ಟವೆಂದು ಬರೆಯುವವರೂ ಉಂಟು. ಇಂಗ್ಲಿಷ್ ಲಿಪಿಗೆ ಬಂದರಂತೂ ಚಿಕ್ಕಬಳ್ಳಾಪುರಕ್ಕೆ ನಾಲ್ಕಾರು ಕಾಗುಣಿತಗಳು, ಗೌರಿಬಿದನೂರಿಗೆ ಎರಡು. ಓದುವ ಮನುಷ್ಯನಿಗೆ ಇವೆಲ್ಲ ಒಂದೇ ಊರು. ಗಣಕಯಂತ್ರಕ್ಕೆ ಬೇರೆ ಬೇರೆ ಊರುಗಳು. ಇದರ ಮೇಲೆ ಶಾಲೆಗಳ ಹೆಸರು. ಒಂದೇ ದೇವರ, ಒಂದೇ ಮಹಾತ್ಮರ ಹೆಸರನ್ನು ಹೊತ್ತ ಶಾಲೆಗಳು ಒಂದೊಂದು ತಾಲ್ಲೂಕಿನಲ್ಲಿಯೂ ಹಲವಾರು. ಆದುದರಿಂದ ಸಂಖ್ಯೆಯು ಅನಿವಾರ್ಯ.

ವ್ಯಥೆಯೇನೆಂದರೆ, ಹೆಸರಿನ ಗೊಂದಲವನ್ನು ನೀಗಬೇಕಾಗಿದ್ದ ಸಂಖ್ಯೆಗಳೇ ಹಲವಾಗಿವೆ. 1994–95ರಲ್ಲಿ ಜಿಲ್ಲಾ ಶಾಲಾ ಮಾಹಿತಿ ವ್ಯವಸ್ಥೆಯಾಗಿ ಆರಂಭವಾಗಿ, 2012–13ರಲ್ಲಿ ಹನ್ನೆರಡನೆಯ ತರಗತಿಯವರೆಗೆ ವಿಸ್ತರಿಸಿದ ಯು-ಡೈಸ್ ವ್ಯವಸ್ಥೆಯು ದೇಶದ ಪ್ರತಿಯೊಂದು ಶಾಲೆಗೂ 11 ಅಂಕಿಗಳ ಸಂಖ್ಯೆಯೊಂದನ್ನು ಕೊಟ್ಟಿದೆ. ಮೊದಲ ಎರಡು ಅಂಕಿಗಳು ರಾಜ್ಯವನ್ನೂ, ಮುಂದಿನವು ಜಿಲ್ಲೆ, ವಲಯ, ಗ್ರಾಮಗಳನ್ನೂ, ಕೊನೆಯವು ಶಾಲೆಯನ್ನೂ ಸೂಚಿಸುತ್ತವೆ. ಅದೇ ಶಾಲೆಗೆ ಎಸ್.ಎಸ್.ಎಲ್.ಸಿ. ಪರೀಕ್ಷಾ ಮಂಡಳಿಯಲ್ಲಿ ಬೇರೊಂದು ಸಂಕೇತ. ಮಗು ಪದವಿಪೂರ್ವ ಕಾಲೇಜಿಗೆ ಹೋದರೆ ಆ ಇಲಾಖೆಯದು ಇನ್ನೊಂದು. ಪದವಿ ಕಾಲೇಜಿಗೆ ಹೋದರೆ ಉನ್ನತ ಶಿಕ್ಷಣ ಸಮೀಕ್ಷೆಯ ಐಷೆ ಸಂಕೇತ. ಕೈಗಾರಿಕಾ ತರಬೇತಿ ಸಂಸ್ಥೆಗೆ ಹೋದರೆ ಮತ್ತೊಂದು. ಪದವಿಪೂರ್ವ ಮತ್ತು ಪದವಿ ತರಗತಿಗಳು ಒಂದೇ ಕಟ್ಟಡದಲ್ಲಿ ನಡೆಯುವ ಸಂಸ್ಥೆಯಲ್ಲಿ, ವಿದ್ಯಾರ್ಥಿಯು ಕೆಳಗಿನ ಅಂತಸ್ತಿನಿಂದ ಮೇಲಿನದಕ್ಕೆ ಹೋದಾಗ ಕಾಗದದ ಮೇಲೆ ಹೊಸ ಲೋಕಕ್ಕೇ ಕಾಲಿಟ್ಟಂತಾಗುತ್ತದೆ.

ಇದರ ಪರಿಣಾಮವನ್ನು ತಿಳಿಯಲು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ದುಡಿಯುವ ತಾಯಿಯೊಬ್ಬಳ ಮಗಳು ಎಂಟನೆಯ ತರಗತಿಯಲ್ಲಿ ರಾಷ್ಟ್ರೀಯ ಆದಾಯ ಆಧಾರಿತ ಪ್ರತಿಭಾ ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ಆಯ್ಕೆಯಾಗುತ್ತಾಳೆ. ಒಂಬತ್ತನೆಯ ತರಗತಿಯಿಂದ ಹನ್ನೆರಡರವರೆಗೆ ಆಕೆಗೆ ವರ್ಷಕ್ಕೆ 12,000 ರೂಪಾಯಿ ಸಲ್ಲಬೇಕು. ಪ್ರತಿವರ್ಷವೂ ಅರ್ಜಿ ನವೀಕರಿಸಬೇಕು. ಹತ್ತನೆಯದನ್ನು ಮುಗಿಸಿ ಚಿಂತಾಮಣಿಯ ಪದವಿಪೂರ್ವ ಕಾಲೇಜಿಗೆ ಸೇರಿದಾಗ ಅರ್ಜಿಯಲ್ಲಿ ಸಂಸ್ಥೆಯ ಸಂಖ್ಯೆ ಬದಲಾಗಬೇಕು. ಸೈಬರ್ ಅಂಗಡಿಯಲ್ಲಿ ಕುಳಿತ ಹುಡುಗನು ಅದೇ ಹೆಸರಿನ ಇನ್ನೊಂದು ಸಂಸ್ಥೆಯನ್ನು ಆರಿಸಿಬಿಡುತ್ತಾನೆ. ಅರ್ಜಿಯು ಆಕೆಯನ್ನು ಕಂಡೇ ಇಲ್ಲದ ಯಾವುದೋ ಸಂಸ್ಥೆಯ ಪರಿಶೀಲನೆಗೆ ಹೋಗಿ, ತಮ್ಮ ವಿದ್ಯಾರ್ಥಿನಿಯಲ್ಲವೆಂಬ ಕಾರಣಕ್ಕೆ ಅಲ್ಲಿಯೇ ಉಳಿಯುತ್ತದೆ. ಆಕೆಯ ಸ್ವಂತ ಕಾಲೇಜಿನವರಿಗೆ ಅರ್ಜಿ ಬಂದೇ ಇಲ್ಲ. ಪರಿಶೀಲನೆಯ ಕಡೆಯ ದಿನ ಕಳೆಯುತ್ತದೆ. ಯಾರೂ ಅನ್ಯಾಯ ಮಾಡಿಲ್ಲ, ಅನ್ಯಾಯವಂತೂ ಆಗಿಹೋಗಿದೆ. ಬರುವ ವರ್ಷ ಸರಿಪಡಿಸೋಣವೆಂದು ಹೇಳುವುದು ಸುಲಭ. ಆ ವರ್ಷದ ಕೊರತೆಯು ಮಗಳನ್ನೂ ಘಟಕದ ಕೆಲಸಕ್ಕೆ ಕಳುಹಿಸಲು ಸಾಕಾಗಬಹುದೆಂಬುದನ್ನು ಅಂಥ ಮನೆಗಳನ್ನು ಬಲ್ಲವರು ಬಲ್ಲರು.

ಮಠಮಾನ್ಯಗಳೂ ಟ್ರಸ್ಟುಗಳೂ ನಡೆಸುವ ವಿದ್ಯಾಸಂಸ್ಥೆಗಳಲ್ಲಿ ಈ ತೊಡಕು ಇನ್ನೂ ಸೂಕ್ಷ್ಮವಾದುದು. ಹೊರಗಿನವರ ಕಣ್ಣಿಗೆ ಅದು ಒಂದೇ ಆವರಣ, ಒಂದೇ ಪ್ರಾರ್ಥನೆ, ಒಂದೇ ಘಂಟೆ. ಕಡತದಲ್ಲಿ ಮಾತ್ರ ಪ್ರಾಥಮಿಕ ಶಾಲೆ, ಅನುದಾನಿತ ಪ್ರೌಢಶಾಲೆ, ಅನುದಾನರಹಿತ ಆಂಗ್ಲಮಾಧ್ಯಮ ಶಾಲೆ, ಪದವಿಪೂರ್ವ ಕಾಲೇಜು ಎಂದು ಹಲವು. ಮೇಲೆ ಹೇಳಿದ ಪ್ರತಿಭಾ ವಿದ್ಯಾರ್ಥಿವೇತನವು ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ಮಕ್ಕಳಿಗೆ ಮಾತ್ರ. ಅನುದಾನಿತ ಶಾಲೆಯ ಮಗುವನ್ನು ಪಕ್ಕದ ಅನುದಾನರಹಿತ ಶಾಲೆಯ ಸಂಖ್ಯೆಯಡಿ ಬರೆದುಬಿಟ್ಟರೆ ಆ ಮಗುವಿನ ಅರ್ಹತೆಯೇ ಅಳಿಸಿಹೋಗುತ್ತದೆ. ತಪ್ಪು ಒಂದು ಸಾಲಿನದು. ನಷ್ಟ ನಾಲ್ಕು ವರ್ಷದ್ದು.

ಕಾಲಗತಿಯಿಂದ ಒದಗುವ ಗೊಂದಲವೂ ಒಂದುಂಟು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯು ರಚಿತವಾದಾಗ ಶಾಲೆಯೊಂದೂ ತನ್ನ ಜಾಗದಿಂದ ಕದಲಲಿಲ್ಲ. ಅವುಗಳ ಜಿಲ್ಲೆ ಮಾತ್ರ ಬದಲಾಯಿತು. ಹಿರಿಯ ವಿದ್ಯಾರ್ಥಿಗಳ ವರ್ಗಾವಣೆ ಪತ್ರಗಳಲ್ಲಿ ಇಂದಿಗೂ ಕೋಲಾರ ಜಿಲ್ಲೆಯೆಂದೇ ಇದೆ. ಶಾಲೆಗಳು ವಿಲೀನವಾಗುವುದೂ, ಮೇಲ್ದರ್ಜೆಗೇರುವುದೂ, ಒಂದೇ ಸೂರಿನಡಿ ಕರ್ನಾಟಕ ಪಬ್ಲಿಕ್ ಶಾಲೆಗಳಾಗುವುದೂ ನಡೆದೇ ಇದೆ. ಭೂಗೋಳವನ್ನೇ ಒಡಲಲ್ಲಿಟ್ಟುಕೊಂಡ ಸಂಖ್ಯೆಯು ಭೂಗೋಳ ಬದಲಾದಾಗ ಏನಾಗಬೇಕೆಂಬ ಪ್ರಶ್ನೆಗೆ ಮೊದಲೇ ಉತ್ತರವನ್ನು ಸಿದ್ಧಪಡಿಸಿಟ್ಟುಕೊಳ್ಳಬೇಕು.

ಈ ಕಷ್ಟವು ಕರ್ನಾಟಕಕ್ಕೆ ಮಾತ್ರ ಒದಗಿದ್ದೇನೂ ಅಲ್ಲ. ಅಮೆರಿಕದಲ್ಲಿ ಸಹಾಯಧನದ ಅರ್ಜಿಗೆ ಕಾಲೇಜಿನ ಆರು ಸ್ಥಾನಗಳ ಸಂಕೇತ ಒಂದು, ಅಲ್ಲಿನ ಶಿಕ್ಷಣ ಇಲಾಖೆಯ ಸಹಾಯಧನ ಕಡತಗಳಿಗೆ ಎಂಟು ಅಂಕಿಗಳ ಸಂಖ್ಯೆ ಇನ್ನೊಂದು, ಅಂಕಿಅಂಶಗಳಿಗೆ ಆರು ಅಂಕಿಗಳ ಸಂಖ್ಯೆ ಮತ್ತೊಂದು. ಇವನ್ನು ಒಂದಕ್ಕೊಂದು ಹೊಂದಿಸುವುದೇ ಒಂದು ಉದ್ಯೋಗ. ಇಂಗ್ಲೆಂಡಿನಲ್ಲಿ ಶಾಲೆಯು ಅಕಾಡೆಮಿಯಾಗಿ ಪರಿವರ್ತನೆಗೊಂಡಾಗ ಹೊಸ ಸಂಖ್ಯೆ ಪಡೆಯುತ್ತದೆ. ಆದರೆ ಹಿಂದಿನ ಶಾಲೆ ಯಾವುದು, ಮುಂದಿನದು ಯಾವುದೆಂಬ ಕೊಂಡಿಯನ್ನು ಸಾರ್ವಜನಿಕ ದಾಖಲೆಯಲ್ಲಿ ಉಳಿಸಿಕೊಳ್ಳುತ್ತಾರೆ. ಈ ಕೊಂಡಿಯನ್ನು ಉಳಿಸುವ ಪದ್ಧತಿಯು ಅನುಕರಣೀಯ.

ಸಂಖ್ಯೆಯೊಂದಾದರೆ ಎಲ್ಲವೂ ಸರಿಹೋದೀತೆಂದು ಭಾವಿಸುವುದೂ ಭ್ರಮೆಯೇ. 2023ರಲ್ಲಿ ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯವು ವಿದ್ಯಾರ್ಥಿವೇತನ ಪಡೆಯುತ್ತಿದ್ದ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ಕಾರ್ಯನಿರತವಲ್ಲದವೆಂದು ಕಂಡುಬಂದಿತು. 144 ಕೋಟಿ ರೂಪಾಯಿಗೂ ಮಿಕ್ಕ ನಷ್ಟದ ಈ ಪ್ರಕರಣದ ತನಿಖೆಯನ್ನು ಕೇಂದ್ರೀಯ ತನಿಖಾ ದಳಕ್ಕೆ ಒಪ್ಪಿಸಲಾಯಿತು. ಪೋರ್ಟಲಿನಲ್ಲಿ ಅವೆಲ್ಲವೂ ನೋಂದಾಯಿತ ಸಂಸ್ಥೆಗಳೇ. ಸಂಖ್ಯೆಯಿತ್ತು, ಶಾಲೆಯಿರಲಿಲ್ಲ. ಗೋಡೆಯನ್ನು ಕಣ್ಣಾರೆ ಕಂಡು, ಹಾಜರಿ ಪುಸ್ತಕವನ್ನು ತೆರೆದು ನೋಡುವ ಅಧಿಕಾರಿಯ ಸ್ಥಾನವನ್ನು ಯಾವ ಸಂಖ್ಯೆಯೂ ತುಂಬಲಾರದು.

ಉಪಾಧ್ಯಾಯರ ಆಕ್ಷೇಪವೊಂದನ್ನು ಇಲ್ಲಿ ಗೌರವದಿಂದ ಪರಿಗಣಿಸಬೇಕು. ಪಾಠ ಹೇಳಬೇಕಾದವರು ಅಂಕಿ ತುಂಬುವವರಾಗಿದ್ದಾರೆಂಬ ಅವರ ಅಳಲು ನ್ಯಾಯವಾದುದೇ. ಆದರೆ ಆ ಹೊರೆಗೆ ಮುಖ್ಯ ಕಾರಣ ಗುರುತುಸಂಖ್ಯೆಯಲ್ಲ, ಗುರುತುಸಂಖ್ಯೆಗಳ ಬಾಹುಳ್ಯ. ಒಂದೇ ಮಗುವಿನ, ಒಂದೇ ಶಾಲೆಯ ವಿವರವನ್ನು ವಿದ್ಯಾರ್ಥಿಗಳ ಸ್ಯಾಟ್ಸ್ ವ್ಯವಸ್ಥೆಗೊಮ್ಮೆ, ಯು-ಡೈಸಿಗೊಮ್ಮೆ, ವಿದ್ಯಾರ್ಥಿವೇತನಕ್ಕೊಮ್ಮೆ, ಪರೀಕ್ಷಾ ಮಂಡಳಿಗೊಮ್ಮೆ ತುಂಬಬೇಕಾಗಿರುವುದು ಅವು ಪರಸ್ಪರ ಗುರುತು ಹಿಡಿಯದಿರುವುದರಿಂದ. ಕಡತಗಳು ತಾವೇ ಮಾತನಾಡಿಕೊಂಡರೆ ಉಪಾಧ್ಯಾಯರು ಮಕ್ಕಳೊಡನೆ ಮಾತನಾಡಬಹುದು.

ಹಾಗಾದರೆ ಮಾಡಬೇಕಾದುದೇನು? ಎಲ್ಲ ಇಲಾಖೆಗಳೂ ತಮ್ಮ ಹಳೆಯ ಸಂಕೇತಗಳನ್ನು ಒಮ್ಮೆಗೇ ಎಸೆಯಬೇಕಾಗಿಲ್ಲ. ಹನ್ನೆರಡನೆಯ ತರಗತಿಯವರೆಗೆ ಯು-ಡೈಸ್ ಸಂಖ್ಯೆಯನ್ನೇ ಮೂಲವೆಂದು ಒಪ್ಪಿ, ಪರೀಕ್ಷಾ ಮಂಡಳಿ ಮತ್ತು ಪದವಿಪೂರ್ವ ಇಲಾಖೆಗಳ ಸಂಕೇತಗಳನ್ನು ಅದರ ಪಕ್ಕದಲ್ಲಿ ಬರೆದ ಒಂದೇ ಹೊಂದಾಣಿಕೆಪಟ್ಟಿಯನ್ನು ಸರ್ಕಾರವು ಪ್ರಕಟಿಸಿ, ಒಬ್ಬ ಅಧಿಕಾರಿಯ ಹೊಣೆಯಲ್ಲಿ ಪ್ರತಿವರ್ಷ ತಿದ್ದಬೇಕು. ಗೌರಿಬಿದನೂರಿನ ಮಗು ಹಿಂದೂಪುರಕ್ಕೂ ಚಿಂತಾಮಣಿಯ ಮಗು ಮದನಪಲ್ಲಿಗೂ ಓದಲು ಹೋಗುವ ಈ ಗಡಿಸೀಮೆಯಲ್ಲಿ ರಾಜ್ಯದೊಳಗಿನ ಸಂಕೇತಕ್ಕೆ ಬೆಲೆಯಿಲ್ಲ. 28ರಿಂದ ಮೊದಲಾಗುವ ಆಂಧ್ರದ ಶಾಲೆಗೂ 29ರಿಂದ ಮೊದಲಾಗುವ ಕರ್ನಾಟಕದ ಶಾಲೆಗೂ ಸಮಾನವಾದ ರಾಷ್ಟ್ರೀಯ ಸಂಖ್ಯೆಯೇ ಆಧಾರ. ಮುಚ್ಚಿದ ಶಾಲೆಯ ಸಂಖ್ಯೆಯನ್ನು ಮತ್ತೊಂದಕ್ಕೆ ಎಂದೂ ಕೊಡಬಾರದು. ವಿಲೀನವಾದ ಶಾಲೆಯ ಹಳೆಯ ಸಂಖ್ಯೆಯನ್ನು ಹೊಸದರೊಡನೆ ಕೊಂಡಿ ಹಾಕಿ ಉಳಿಸಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳು ವರ್ಷಕ್ಕೊಮ್ಮೆಯಾದರೂ ಶಾಲೆಯನ್ನು ಕಂಡು ಬರೆದ ದೃಢೀಕರಣವು ಅದಕ್ಕೆ ಸೇರಬೇಕು.

ವಿದ್ಯಾಸಂಸ್ಥೆಗಳು ಸರ್ಕಾರದ ಆಜ್ಞೆಗಾಗಿ ಕಾಯಬೇಕಾಗಿಲ್ಲ. ಪ್ರತಿಯೊಂದು ವಿಭಾಗದ ಸಂಖ್ಯೆಯನ್ನೂ ಅದರದರ ಬಾಗಿಲ ಮೇಲಿನ ಫಲಕದಲ್ಲಿ ಬರೆಸುವುದು, ವರ್ಗಾವಣೆ ಪತ್ರದಲ್ಲಿಯೂ ಶುಲ್ಕದ ರಸೀದಿಯಲ್ಲಿಯೂ ಅಚ್ಚುಹಾಕಿಸುವುದು ಅಲ್ಪವೆಚ್ಚದ ಕಾರ್ಯ. ಶಾಲೆಯ ಸಂಖ್ಯೆಯು ಸಾರ್ವಜನಿಕವಾಗಿರಬೇಕು. ಮಗುವಿನ ಆಧಾರ್, ಬ್ಯಾಂಕ್ ಖಾತೆಗಳ ಸಂಖ್ಯೆಗಳು ಮಾತ್ರ ಗುಟ್ಟಾಗಿರಬೇಕು. ಇವೆರಡನ್ನು ಅದಲುಬದಲು ಮಾಡಿ, ಮಕ್ಕಳ ಖಾತೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸುವುದು ತರವಲ್ಲ. ಮುಖ್ಯೋಪಾಧ್ಯಾಯರು ವರ್ಗವಾದಾಗ ಅಥವಾ ನಿವೃತ್ತರಾದಾಗ ಬೀಗದಕೈ, ನಗದುಪುಸ್ತಕಗಳೊಡನೆ ಪೋರ್ಟಲಿನ ಅಧಿಕಾರವನ್ನೂ ಕ್ರಮಪ್ರಕಾರ ಹಸ್ತಾಂತರಿಸಬೇಕು. ಅರ್ಜಿ ತುಂಬಲು ಸೈಬರ್ ಅಂಗಡಿಯ ಬದಲು ಶಾಲೆಯಲ್ಲಿಯೇ ವಾರಕ್ಕೆ ಒಂದು ಸಂಜೆ ಏರ್ಪಾಡಾದರೆ, ಗಣಕಯಂತ್ರದ ಪರಿಚಯವಿರುವ ಹಳೆಯ ವಿದ್ಯಾರ್ಥಿಗಳು ಅಲ್ಲಿ ಕುಳಿತು ಸಲ್ಲಿಸುವ ಸೇವೆಯು ಹಣದ ದೇಣಿಗೆಗಿಂತ ಕಡಿಮೆಯದಾಗದು. ದತ್ತಿನಿಧಿ ಸ್ಥಾಪಿಸಿದ ದಾನಿಗಳೂ ತಮ್ಮ ವೇತನದ ದಾಖಲೆಯಲ್ಲಿ ಅದೇ ಸಂಖ್ಯೆಯನ್ನು ಬಳಸಿದರೆ, ಸರ್ಕಾರದ ಪಟ್ಟಿಯಿಂದ ಜಾರಿಬಿದ್ದ ಮಗು ಯಾವುದೆಂದು ಕೂಡಲೇ ತಿಳಿದು, ಅವರ ಹಣವು ಎಲ್ಲಿ ಅತ್ಯಗತ್ಯವೋ ಅಲ್ಲಿಗೇ ಹರಿಯುತ್ತದೆ.

ಹೊಸೂರಿನಿಂದ ಬೆಂಗಳೂರಿಗೆ ನಡೆದ ಬಾಲಕನಿಗೆ ಆಸರೆಯಿತ್ತವರು ಆತನ ಕಣ್ಣಿನ ಹಂಬಲವನ್ನು ನೋಡಿ ಬಾಗಿಲು ತೆರೆದರು. ಇಂದಿನ ಬಾಲಕಿಗೆ ಅಷ್ಟು ದೂರ ನಡೆಯಬೇಕಾಗಿಲ್ಲ. ಆಕೆಯ ಪರವಾಗಿ ನಡೆಯಬೇಕಾದುದು ಒಂದು ಅರ್ಜಿ. ಅದು ದಾರಿ ತಪ್ಪದಂತೆ ನೋಡಿಕೊಳ್ಳುವುದು ಆಕೆಯನ್ನು ಶಾಲೆಗೆ ಸೇರಿಸಿಕೊಂಡವರೆಲ್ಲರ ಹೊಣೆ. ಹನ್ನೊಂದು ಅಂಕಿಗಳನ್ನು ತಪ್ಪಿಲ್ಲದೆ ಬರೆಯುವುದೂ ಒಂದು ಕಾಯಕವೇ.