ರೇಷ್ಮೆಯ ನ್ಯಾನೋ ಕಣ: ಸಾಲ ಮಾಡುವ ಮುನ್ನ ಒಂದಿಷ್ಟು ಲೆಕ್ಕಾಚಾರ

ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ತಾಲ್ಲೂಕುಗಳ ವರ್ತಕರಿಗೆ ರೇಷ್ಮೆಯೆಂದರೆ ನೂಲು ಮತ್ತು ಸೀರೆ. ಉಳಿದದ್ದು ಮೂಟೆ ಲೆಕ್ಕದಲ್ಲಿ ಮಾರಿಹೋಗುವ ತ್ಯಾಜ್ಯ. ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಿಂದಲೂ ನಮ್ಮ ಖಾತೆ ಪುಸ್ತಕಗಳಲ್ಲಿ ಇದೇ ಎರಡು ತಲೆಬರಹಗಳು. ಈಚೆಗೆ ಮೂರನೆಯದೊಂದರ ಮಾತು ಕೇಳಿಬರುತ್ತಿದೆ. ದೇಹದೊಳಗೆ ಔಷಧವನ್ನು ಹೊತ್ತೊಯ್ದು, ಕೆಲಸ ಮುಗಿದ ಮೇಲೆ ತಾನೂ ಕರಗಿಹೋಗುವ ನ್ಯಾನೋ ಕಣಗಳನ್ನು ರೇಷ್ಮೆಯಿಂದ ತಯಾರಿಸಬಹುದೆಂಬ ಉತ್ಸಾಹದಲ್ಲಿ ಕೆಲವು ಯುವ ಉದ್ಯಮಿಗಳು ಯೋಜನಾ ವರದಿಗಾಗಿ ಲೆಕ್ಕ ಪರಿಶೋಧಕರನ್ನು ಕಾಣುತ್ತಿದ್ದಾರೆ. ಕಣ ತಯಾರಿಕೆಗೆಂದು ಯಾರೂ ಈಗ ಬ್ಯಾಂಕಿನ ಸಾಲ ಮಾಡಬಾರದು, ಆದರೆ ಕಣಕ್ಕೆ ಬೇಕಾದ ಶುದ್ಧ ಕಚ್ಚಾವಸ್ತುವನ್ನು ಒದಗಿಸಲು ನಾವೆಲ್ಲ ಒಟ್ಟಾಗಿ ಅಣಿಯಾಗಬೇಕು ಎಂಬುದು ನನ್ನ ಅಭಿಪ್ರಾಯ.

ವಿಜ್ಞಾನ ತೀರ ಜಟಿಲವಾದುದಲ್ಲ. ಗೂಡಿನ ಎಳೆಯಲ್ಲಿ ಮುಕ್ಕಾಲು ಪಾಲು ಫೈಬ್ರೋಯಿನ್, ಉಳಿದ ಕಾಲು ಪಾಲು ಸೆರಿಸಿನ್ ಎಂಬ ಗೋಂದು, ಎರಡೂ ಪ್ರೋಟೀನುಗಳೇ. ಪ್ರಯೋಗಾಲಯದಲ್ಲಿ ಲೀಟರಿಗೆ ಸುಮಾರು 2 ಗ್ರಾಂ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಗೋಂದು ಬಿಡಿಸುತ್ತಾರೆ. ನಮ್ಮ ಬಣ್ಣದ ಮನೆಯವರಿಗೆ ಇದು ಹೊಸದೇನಲ್ಲ. ಬಳಿಕ ಲಿಥಿಯಂ ಬ್ರೋಮೈಡಿನ ಗಾಢ ದ್ರಾವಣದಲ್ಲಿ 60 ಡಿಗ್ರಿ ಉಷ್ಣತೆಯಲ್ಲಿ ಕರಗಿಸಿ, ಎರಡು ದಿನ ಶುದ್ಧ ನೀರಿನಲ್ಲಿ ಲವಣವನ್ನು ಸೋಸಿ ತೆಗೆದು, ಆ ದ್ರಾವಣವನ್ನು ಅಸಿಟೋನಿಗೆ ಹನಿಹನಿಯಾಗಿ ಬಿಟ್ಟರೆ ಸುಮಾರು 100 ನ್ಯಾನೋಮೀಟರ್ ಗಾತ್ರದ ಕಣಗಳು ಮೂಡುತ್ತವೆ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ.

ಮೂಡಿದ ಕಣವನ್ನು ಹಾಗೆಯೇ ಉಳಿಸಿಕೊಳ್ಳುವುದರಲ್ಲಿದೆ ಕಷ್ಟ. ಈ ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಲವಣ ಸೇರಿದೊಡನೆ ಆ ಬಲ ಕುಂದಿ ಕಣಗಳು ಗಂಟುಕಟ್ಟುತ್ತವೆ, ರಕ್ತದಲ್ಲಿಯೂ ಲವಣವಿದೆಯಷ್ಟೆ! ಇದನ್ನು ತಡೆಯಲು ಪಾಲಿಎಥಿಲೀನ್ ಗ್ಲೈಕಾಲಿನ ಹೊದಿಕೆ, ಹೆಪ್ಪುಗಟ್ಟಿಸಿ ಒಣಗಿಸುವಾಗ ಟ್ರೆಹಲೋಸ್ ಎಂಬ ಸಕ್ಕರೆ ಮುಂತಾದ ಉಪಾಯಗಳಿವೆ. ಆದರೆ ಮೂಲದೋಷ ಹಂಡೆಯಲ್ಲಿಯೇ ಉಂಟಾದರೆ ಇವು ಸಾಲವು. ಕುದಿಸುವ ಅವಧಿ ಹೆಚ್ಚಿದಷ್ಟೂ ಫೈಬ್ರೋಯಿನ್ನಿನ ಸರಪಳಿ ತುಂಡಾಗುತ್ತದೆ. ಇಂದು ಇಪ್ಪತ್ತು ನಿಮಿಷ, ನಾಳೆ ನಲವತ್ತು ನಿಮಿಷ ಕುದಿಸಿದ ರೇಷ್ಮೆಯಿಂದ ಒಂದೇ ಬಗೆಯ ಕಣ ಬರಲಾರದು. ಸೀರೆ ಕೊಳ್ಳುವವರಿಗೆ ಈ ವ್ಯತ್ಯಾಸ ಕಾಣಿಸದು, ಔಷಧ ಕಂಪನಿಗೆ ಅದೇ ಸರಕು ತಿರಸ್ಕರಿಸಲು ಸಾಕಾದ ಕಾರಣ.

ಪೈಪೋಟಿಯನ್ನೂ ಮರೆಯುವಂತಿಲ್ಲ. ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳ ಕೃತಕ ಪಾಲಿಮರಿನಿಂದ ತಯಾರಾದ ಲ್ಯುಪ್ರಾನ್ ಡಿಪೋ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 1989ರಲ್ಲಿ. ಅದರ ಕಣಗಳು ನ್ಯಾನೋಗಿಂತ ದೊಡ್ಡವು, ನಿಜ. ಆದರೂ ಆ ಪಾಲಿಮರಿನ ಹಿಂದೆ ಮೂರು ದಶಕಗಳಿಗೂ ಮೀರಿದ ಬಳಕೆಯ ದಾಖಲೆಯಿದೆ. ರೇಷ್ಮೆ ದಾರದಿಂದ ವೈದ್ಯರು ಗಾಯ ಹೊಲಿಯುತ್ತ ಬಂದದ್ದು ನೂರು ವರ್ಷಕ್ಕೂ ಹಿಂದಿನಿಂದ. ಆದರೆ ದಾರದ ಅನುಭವ ಕಣಕ್ಕೆ ಸಾಕ್ಷಿಯಾಗದು. ಭಾರತದಲ್ಲಿ ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆ 2019ರಲ್ಲಿ ಮಾರ್ಗಸೂಚಿ ಹೊರಬಿದ್ದಿದೆ. ಪ್ರಾಣಿಗಳ ಮೇಲೆ, ಬಳಿಕ ಮನುಷ್ಯರ ಮೇಲೆ ಪರೀಕ್ಷೆಗಳನ್ನು ನಡೆಸಿ ಮುಗಿಸುವಷ್ಟು ಬಂಡವಾಳ ಚರಕದ ಮನೆಯಲ್ಲಿ ಹುಟ್ಟುವುದಿಲ್ಲ. ಸಂಶೋಧನಾ ವೆಚ್ಚಕ್ಕೆ ಕಂಪನಿಗಳಿಗೆ ಆದಾಯ ತೆರಿಗೆಯಲ್ಲಿ ದೊರೆಯುತ್ತಿದ್ದ ಹೆಚ್ಚುವರಿ ಕಡಿತವೂ 2020ರ ಏಪ್ರಿಲ್‌ನಿಂದ ನಿಂತುಹೋಗಿದೆ. ಹಳೆಯ ಯೋಜನಾ ವರದಿಗಳನ್ನು ನಕಲು ಮಾಡುವವರು ಇದನ್ನು ಗಮನಿಸಬೇಕು.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಬೆಂಗಳೂರಿನ ಫೈಬ್ರೋಹೀಲ್ ವೂಂಡ್‌ಕೇರ್ ಸಂಸ್ಥೆ ರೇಷ್ಮೆ ಪ್ರೋಟೀನಿನಿಂದ ಗಾಯದ ಪಟ್ಟಿಗಳನ್ನು ತಯಾರಿಸುತ್ತಿದೆ. ಇದು ನ್ಯಾನೋ ಔಷಧವಲ್ಲ, ವೈದ್ಯಕೀಯ ಸಾಧನ. 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಬರುವಂಥದು. ಇಂಥ ತಯಾರಕರಿಗೂ ಸಂಶೋಧನಾಲಯಗಳಿಗೂ ಬೇಕಾದದ್ದು ಮೂಲ ತಿಳಿದಿರುವ, ಒಂದೇ ಸಮನಾದ ಸರಕು. ನಮ್ಮಲ್ಲಿ ದ್ವಿತಳಿಯೂ ಮಿಶ್ರತಳಿಯೂ, ಹನೂರಿನ ಗೂಡೂ ಯಳಂದೂರಿನ ಗೂಡೂ ಒಂದೇ ಮೂಟೆಗೆ ಬೀಳುತ್ತವೆ.

ಆದ್ದರಿಂದ ಸದಸ್ಯರು ಪಾಲುಬಂಡವಾಳ ಹೂಡಿ ಕೊಳ್ಳೇಗಾಲದಲ್ಲಿ ಸಾಮೂಹಿಕವಾದ ಗೋಂದು ಬಿಡಿಸುವ ಘಟಕವೊಂದನ್ನು ಸ್ಥಾಪಿಸಲೆಂದು ಸಲಹೆ ಮಾಡುತ್ತೇನೆ. ತಳಿ, ರೈತನ ತೋಟ, ಬಳಸಿದ ಕ್ರಿಮಿನಾಶಕ, ಕುದಿಸಿದ ನಿಮಿಷ, ನೀರಿನ ಗುಣ ಇವಿಷ್ಟನ್ನೂ ಪ್ರತಿ ತಂಡಕ್ಕೆ ಪ್ರತ್ಯೇಕವಾಗಿ ಬರೆದಿಡುವ ಗುಮಾಸ್ತನೊಬ್ಬ ಯಂತ್ರಕ್ಕಿಂತ ಮೊದಲು ಬೇಕು. ತಾಂತ್ರಿಕ ಸಲಹೆಗೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯನ್ನು ಸಂಪರ್ಕಿಸಬಹುದು. ಇಲ್ಲಿಂದ ಅದು ಒಂದೂವರೆ ಗಂಟೆಯ ಪ್ರಯಾಣದಷ್ಟು ದೂರ.

ತೆರಿಗೆಯ ಒಂದು ಮಾತು ಉಳಿದಿದೆ. ಗೂಡಿಗೂ ರೇಷ್ಮೆ ತ್ಯಾಜ್ಯಕ್ಕೂ ಜಿಎಸ್‌ಟಿ ಇಲ್ಲ. ಶುದ್ಧೀಕರಿಸಿ ತೆಗೆದ ಪ್ರೋಟೀನನ್ನು ತ್ಯಾಜ್ಯದ ಹೆಸರಿನಲ್ಲಿ ಬಿಲ್ಲು ಹಾಕಲು ಬರುವುದಿಲ್ಲ. ಮೊದಲ ಸರಕು ಹೊರಡುವ ಮುನ್ನವೇ ಅದರ ವರ್ಗೀಕರಣದ ಬಗ್ಗೆ ಮುಂಗಡ ತೀರ್ಪು ಪಡೆದುಕೊಳ್ಳುವುದು ಕ್ಷೇಮ.