ಗುಂಟೆ ಮೂವತ್ತೊಂಬತ್ತು ದಾಟಬಾರದು

ಪ್ರಶ್ನೆ: ಊರಿನ ಸಹಕಾರಿ ಸಂಘದ ಸಾಫ್ಟ್‌ವೇರಿಗೆ ಪೈಡ್ಯಾಂಟಿಕ್, ಝಾಡ್‌ನಂಥ ಮಾಹಿತಿ ತಪಾಸಣೆಯ ಲೈಬ್ರರಿ ಸೇರಿಸಬೇಕೆ?

ಪರ

ಬೋರಗಾಂವದ ಒಂದು ಸಂಘದ ಸದಸ್ಯರ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವಾಗ ಜಮೀನಿನ ಉತಾರ ಹಿಡಿದು ಪಕ್ಕದಲ್ಲೇ ಕೂತಿದ್ದೆ. 3 ಎಕರೆ 20 ಗುಂಟೆಯನ್ನು ಒಬ್ಬರು 3.20 ಎಂದು ಹೊಡೆದರು, ಇನ್ನೊಬ್ಬರು 3.5 ಎಂದು. ಹೊಲ ಒಂದೇ. ಕಂಪ್ಯೂಟರು ಎರಡನ್ನೂ ತೆಪ್ಪಗೆ ನುಂಗಿತು. ಸಾಲದ ಮಿತಿ ತೆಗೆಯುವ ಹೊತ್ತಿಗೆ ಆ ರೈತನ 12 ಗುಂಟೆ ಮಾಯ! ಅದಕ್ಕಾಗಿ ಆತ ಮೂರು ಸಲ ಕೆಲಸ ಬಿಟ್ಟು ಬಂದ.

ತಪಾಸಣೆ ನಮ್ಮ ಕೋಡಿನಲ್ಲೂ ಇತ್ತು, ಆದರೆ ಚೆಲ್ಲಾಪಿಲ್ಲಿಯಾಗಿತ್ತು. ಫಾರ್ಮಿನಲ್ಲಿ ಒಂದು, ವರದಿಯಲ್ಲಿ ಇನ್ನೊಂದು, ಎಕ್ಸೆಲ್ ಫೈಲು ಬರುವ ದಾರಿಯಲ್ಲಿ ಒಂದೂ ಇಲ್ಲ. ಲೈಬ್ರರಿ ಇದ್ದರೆ ‘ಸದಸ್ಯ’ ಎಂದರೆ ಏನೆಂದು ಒಂದೇ ಕಡೆ ಬರೆದಿಡುತ್ತೇವೆ. ಎಕರೆಗೆ ಬೇರೆ ಕಾಲಂ. ಗುಂಟೆ 0ಯಿಂದ 39, ಆಣೆ 0ಯಿಂದ 15. ಐಎಫ್‌ಎಸ್‌ಸಿ 11 ಅಕ್ಷರ, ಐದನೆಯದು ಸೊನ್ನೆಯೇ, ‘ಓ’ ಅಲ್ಲ. ಆಧಾರ್‌ನ 12ನೇ ಅಂಕಿ ವರ್ಹೂಫ್ ಲೆಕ್ಕದ ತಾಳೆ ಅಂಕಿ; ಅಕ್ಕಪಕ್ಕದ ಎರಡಂಕಿ ಅದಲುಬದಲಾದರೂ ಸಿಕ್ಕಿಬೀಳುತ್ತದೆ. ಮಾಹಿತಿ ಯಾವ ಬಾಗಿಲಿನಿಂದ ಬಂದರೂ ಕಾವಲು ಒಂದೇ. ಅರ್ಜಿಯಲ್ಲಿ ಐದು ತಪ್ಪಿದ್ದರೆ ಐದನ್ನೂ ಒಟ್ಟಿಗೇ ತೋರಿಸುತ್ತದೆ, ಗುಮಾಸ್ತರು ಐದು ಸಲ ಸೇವ್ ಒತ್ತಬೇಕಿಲ್ಲ. ಸಾಫ್ಟ್‌ವೇರ್ ಭಾರವಾಗುತ್ತದೆ ಎನ್ನುವವರು ಸಂಘಕ್ಕೆ ದಿನಕ್ಕೆ ಎಷ್ಟು ಅರ್ಜಿ ಬರುತ್ತವೆಂದು ಎಣಿಸಿ ನೋಡಲಿ.

ವಿರೋಧ

ಮೊದಲನೆಯದು ಅವಲಂಬನೆ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಕೋಡನ್ನು ಬರೆದವರೇ ಎನ್‌ಪಿಎಂ ಎಂಬ ಕೋಡ್ ಭಂಡಾರದಿಂದ ತೆಗೆದಾಗ ಸಾವಿರಾರು ಪ್ರಾಜೆಕ್ಟುಗಳ ಬಿಲ್ಡ್ ನಿಂತುಹೋಯಿತು.

ಎರಡನೆಯದು ಆವೃತ್ತಿ. 2023ರಲ್ಲಿ ಪೈಡ್ಯಾಂಟಿಕ್ 2 ಬಂದಾಗ ಹಳೆಯ ಕೋಡನ್ನು ತಿದ್ದಬೇಕಾಯಿತು. ಸಂಘಕ್ಕೆ ಬರೆದುಕೊಟ್ಟ ಹುಡುಗ ಅಷ್ಟರಲ್ಲಿ ಪುಣೆಗೆ ಹೋಗಿರುತ್ತಾನೆ.

ಮೂರನೆಯದು ಕನ್ನಡ-ಮರಾಠಿ ಬೆರೆತ ನಮ್ಮ ಗಡಿಸೀಮೆಯದು. ಸರ್ವೆ ನಂಬರಿನಲ್ಲಿ ‘ಅ’, ‘ಬ’ ಇರುತ್ತವೆ, ಕೂಡಿಸುವ ಗುರುತೂ ಇರುತ್ತದೆ. ಉತಾರದಲ್ಲಿ ಹೆಸರು ಕನ್ನಡದಲ್ಲಿ, ಮರಾಠಿ ಸಾಲಿ ಕಲಿತವರ ದಾಖಲೆಯಲ್ಲಿ ಮರಾಠಿಯಲ್ಲಿ. ಇಂಗ್ಲಿಷಿನಲ್ಲಿ ಬೋರಗಾಂವ ಎಂದು ಬರೆಯಲೂ ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗು. ನಿಯಮ ಬಿಗಿ ಮಾಡಿದಷ್ಟೂ ನಿಜವಾದ ಸದಸ್ಯರೇ ಹೊರಗುಳಿಯುತ್ತಾರೆ.

ಗುಂಟೆಯ ಮಾತಿಗೆ ಬಂದರೆ, 3.20 ಯಾವ ಲೈಬ್ರರಿಗೂ ಸರಿಯಾದ ದಶಮಾಂಶವೇ. ಎಕರೆ, ಗುಂಟೆಗೆ ಬೇರೆ ಬೇರೆ ಕಾಲಂ ಮಾಡಿದರೆ ಸಾಕು. ಅದನ್ನು ಕೈಯಿಂದಲೇ ಒಂದು ಫೈಲಿನಲ್ಲಿ ಬರೆಯಬಹುದು, ನಾನು ಬರೆದಿದ್ದೇನೆ. ಆಧಾರ್‌ನ ವರ್ಹೂಫ್ ಕೋಷ್ಟಕ ಬರೆಯುವಾಗ ಮಾತ್ರ ಒಂದು ಅಂಕಿ ತಪ್ಪಿ, ಸರಿಯಾದ ನಂಬರುಗಳೂ ತಿರಸ್ಕೃತವಾದವು. ಕೊನೆಗೆ ಅದಷ್ಟನ್ನು ಬೇರೆಯವರು ಬರೆದು ಪರೀಕ್ಷಿಸಿದ ಲೈಬ್ರರಿಯಿಂದಲೇ ತಂದೆ, ಈಗಲೂ ಅದೇ ಇದೆ.